ವೋಲ್ಟೇಜ್ ಏರಿ ಸುಟ್ಟ ಉಪಕರಣಗಳಿಗೆ ಮನೆ ವಿಮೆ: ‘ಶಾರ್ಟ್ ಸರ್ಕ್ಯೂಟ್’ ಎಂಬ ಒಂದೇ ಪದಕ್ಕೆ ಕ್ಲೇಮ್ ತಿರಸ್ಕಾರವಾಗಿದೆ

ಮಹಡಿಮನೆ:

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಒಂದು ಮಧ್ಯಾಹ್ನ, ಕೆಲವೇ ನಿಮಿಷಗಳಲ್ಲಿ ನಮ್ಮ ಮನೆಯ ಐದು ಉಪಕರಣಗಳು ಸುಟ್ಟುಹೋದವು. ಅವುಗಳಿಗಾಗಿ ಸಲ್ಲಿಸಿದ್ದ ಕ್ಲೇಮನ್ನು ವಿಮಾ ಕಂಪನಿ ಈಗ ತಿರಸ್ಕರಿಸಿದೆ. ಮುಂದೇನು ಮಾಡಬೇಕೆಂದು ತಿಳಿಯದೆ ನಡೆದದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಅಂದು ಮಳೆ, ಗುಡುಗು ಯಾವುದೂ ಇರಲಿಲ್ಲ. ಬೀದಿಯ ಕೊನೆಯ ವಿದ್ಯುತ್ ಕಂಬದಲ್ಲಿ ಏನೋ ಕೆಲಸ ನಡೆಯುತ್ತಿತ್ತು. ಹಾಲ್‌ನ ಫ್ಯಾನ್ ಇದ್ದಕ್ಕಿದ್ದಂತೆ ಕಿತ್ತುಕೊಂಡು ಹೋಗುವ ಹಾಗೆ ತಿರುಗತೊಡಗಿತು. ಮೆಟ್ಟಿಲ ಬಳಿಯ ಹಳೆಯ ಟಂಗ್‌ಸ್ಟನ್ ಬಲ್ಬ್ ಕಣ್ಣು ಕುಕ್ಕುವಷ್ಟು ಬೆಳ್ಳಗೆ ಉರಿದು ಆರಿಹೋಯಿತು. ನಾನು ಮೀಟರ್ ಬೋರ್ಡಿನ ಬಳಿಗೆ ಓಡಿ ಮೇನ್ ಸ್ವಿಚ್ ಇಳಿಸುವಷ್ಟರಲ್ಲಿ ಟಿವಿಯ ಹಿಂದಿನಿಂದ ‘ಪಟ್’ ಎಂಬ ಸದ್ದು ಬಂದಿತ್ತು, ಮನೆಯೆಲ್ಲ ಕಮಟು ವಾಸನೆ ತುಂಬಿತ್ತು. ಆರು ವರ್ಷದ ಟಿವಿ, ಎರಡು ವರ್ಷದ ಫ್ರಿಜ್‌ನ ಬೋರ್ಡ್, ವಾಷಿಂಗ್ ಮೆಷಿನ್‌ನ ಬೋರ್ಡ್ ಮತ್ತು ರೂಟರ್‌ನ ಅಡಾಪ್ಟರ್ ಕೆಟ್ಟಿವೆ. ಇವುಗಳನ್ನೆಲ್ಲ ಕಾಪಾಡಲೆಂದೇ ಕೊಂಡಿದ್ದ ಸರ್ಜ್ ಪ್ರೊಟೆಕ್ಟರ್ ಪಟ್ಟಿ (ವೋಲ್ಟೇಜಿನ ಹಠಾತ್ ಪೆಟ್ಟನ್ನು ತಡೆಯುವ ಎಕ್ಸ್‌ಟೆನ್ಷನ್ ಬೋರ್ಡ್) ಒಂದು ಬದಿಯಲ್ಲಿ ಕರಗಿ ಕಪ್ಪಾಗಿದೆ.

ನಮ್ಮ ಪಾಲಿಸಿಯ ಮುಖ್ಯ ಭಾಗದಲ್ಲಿ ಬೆಂಕಿ ಮತ್ತು ಸಿಡಿಲು ಸೇರಿವೆ. ಹೆಚ್ಚುವರಿ ಪ್ರೀಮಿಯಂ ಕೊಟ್ಟು ‘ಹೊರಗಿನ ವಿದ್ಯುತ್ ಸರಬರಾಜಿನ ಏರುಪೇರಿನಿಂದ ಗೃಹೋಪಕರಣಗಳಿಗೆ ಆಗುವ ಆಕಸ್ಮಿಕ ಹಾನಿ’ ಎಂಬ ಷರತ್ತನ್ನೂ ಸೇರಿಸಿಕೊಂಡಿದ್ದೇವೆ. ಹಾಗಿದ್ದರೂ ಕಂಪನಿಯ ಪತ್ರದಲ್ಲಿ, ‘ತಂತ್ರಜ್ಞರ ವರದಿಯ ಪ್ರಕಾರ ಹಾನಿಗೆ ಕಾರಣ ಉಪಕರಣದ ಒಳಗಿನ ಶಾರ್ಟ್ ಸರ್ಕ್ಯೂಟ್ ಆಗಿರುವುದರಿಂದ ಇದು ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂದಿದೆ. ರಿಪೇರಿಗೆ ಬಂದವರು ಬಿಲ್ಲಿನ ಮೇಲೆ ಬರೆದದ್ದು ಮೂರೇ ಪದ: ‘ಬೋರ್ಡ್ ಶಾರ್ಟ್, ಬದಲಿಸಬೇಕು.’ ಇದರ ವಿರುದ್ಧ ಮೇಲ್ಮನವಿ ಸಲ್ಲಿಸಲು ಸಾಧ್ಯವೇ?

ಹಳೆಯ ಸರ್ವೇಯರ್:

ಮಹಡಿಮನೆ ಅವರೇ, ಖಂಡಿತ ಸಾಧ್ಯ, ಆದರೆ ಕೋಪದ ಪತ್ರ ಬರೆದರೆ ಪ್ರಯೋಜನವಿಲ್ಲ. ನಾನು ಹಲವು ವರ್ಷ ನಷ್ಟ ಅಂದಾಜು ಮಾಡುವ ಕೆಲಸದಲ್ಲಿದ್ದೆ. ಈ ಬಗೆಯ ಕ್ಲೇಮುಗಳು ಬಿದ್ದುಹೋಗುವುದು ಹೆಚ್ಚಾಗಿ ಹಾನಿಯ ವಿಷಯದಲ್ಲಲ್ಲ, ಕಾರಣದ ವಿಷಯದಲ್ಲಿ. ಟಿವಿ ಸುಟ್ಟಿದೆ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಅದನ್ನು ಸುಟ್ಟದ್ದು ಯಾವುದು ಎಂಬುದಕ್ಕೆ ನಿಮ್ಮ ಕಡತದಲ್ಲಿ ಉತ್ತರವಿಲ್ಲ, ಅಥವಾ ತಪ್ಪು ಉತ್ತರವಿದೆ.

ಮನೆ ವಿಮೆಯಲ್ಲಿ ವಿದ್ಯುತ್ ಹಾನಿಯನ್ನು ಬೇರೆ ಬೇರೆ ಖಾನೆಗಳಲ್ಲಿ ಇಟ್ಟಿರುತ್ತಾರೆ. ಸಿಡಿಲು ಬಹುತೇಕ ಎಲ್ಲ ಪಾಲಿಸಿಗಳಲ್ಲೂ ಹೆಸರಿಸಿದ ಅಪಾಯ. ಮನುಷ್ಯನಿರ್ಮಿತ ವಿದ್ಯುತ್ತಿನ ಏರಿಳಿತ ಮಾತ್ರ ಹಾಗಲ್ಲ: ಕೆಲವು ಪಾಲಿಸಿಗಳು ಅದನ್ನು ಪೂರ್ತಿಯಾಗಿ ಹೊರಗಿಡುತ್ತವೆ, ಕೆಲವು ಮೋಟಾರು, ವೈರಿಂಗ್‌ಗಳಿಗೆ ಪರಿಹಾರ ಕೊಟ್ಟು ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಕೊಡುವುದಿಲ್ಲ, ಕೆಲವು ನಿಮ್ಮಂತೆ ಹೆಚ್ಚುವರಿ ಷರತ್ತನ್ನು ಕೊಂಡವರಿಗೆ ಮಾತ್ರ ಕೊಡುತ್ತವೆ. ಇವೆಲ್ಲಕ್ಕೂ ಹೊರಗೆ ಉಳಿಯುವುದು ಉಪಕರಣ ತಾನಾಗಿಯೇ ಸವೆದು, ಬಿಸಿಯಾಗಿ ಅಥವಾ ಒಳಗೆ ಶಾರ್ಟ್ ಆಗಿ ಕೆಡುವುದು. ನಿಮ್ಮ ತಂತ್ರಜ್ಞರು ಬರೆದ ಪದ ನೇರವಾಗಿ ಈ ಕೊನೆಯ ಖಾನೆಗೆ ಹೋಗಿ ಬಿದ್ದಿದೆ. ಕಚೇರಿಯಲ್ಲಿ ಕುಳಿತು ಕಡತ ನೋಡುವವರು ಫ್ಯಾನ್ ಓಡಿದ್ದನ್ನಾಗಲಿ ಬಲ್ಬ್ ಉರಿದದ್ದನ್ನಾಗಲಿ ಕಂಡಿಲ್ಲ, ಅವರ ಮುಂದಿರುವುದು ಆ ಮೂರು ಪದಗಳು.

ಇಲ್ಲೊಂದು ತತ್ವ ನಿಮ್ಮ ಪರವಾಗಿದೆ. ವಿಮೆಯಲ್ಲಿ ನೋಡುವುದು ಹಾನಿಯ ಪ್ರಬಲವಾದ, ಪರಿಣಾಮಕಾರಿಯಾದ ಮೂಲ ಕಾರಣವನ್ನೇ ಹೊರತು ಸರಪಳಿಯ ಕೊನೆಯ ಕೊಂಡಿಯನ್ನಲ್ಲ. ಹೊರಗಿನಿಂದ ಬಂದ ಅತಿವೋಲ್ಟೇಜ್ ಒಂದು ಬಿಡಿಭಾಗವನ್ನು ಸೀಳಿ, ಆ ಸೀಳಿಕೆಯಿಂದ ಬೋರ್ಡ್ ಶಾರ್ಟ್ ಆಗಿದ್ದರೆ, ಶಾರ್ಟ್ ಎಂಬುದು ಫಲವೇ ಹೊರತು ಕಾರಣವಲ್ಲ. ನಷ್ಟವು ಪಾಲಿಸಿಯ ವ್ಯಾಪ್ತಿಗೆ ಬರುತ್ತದೆ ಎಂದು ಮೊದಲು ತೋರಿಸಬೇಕಾದವರು ಸಾಮಾನ್ಯವಾಗಿ ಪಾಲಿಸಿದಾರರು. ಹೊರಗಿಡುವ ಷರತ್ತು ಅನ್ವಯಿಸುತ್ತದೆ ಎಂದು ಆಮೇಲೆ ತೋರಿಸಬೇಕಾದದ್ದು ಕಂಪನಿ. ಆದ್ದರಿಂದ ಅದೇ ತಂತ್ರಜ್ಞರಿಂದ ಅಥವಾ ಬೇರೊಬ್ಬರಿಂದ ಬೋರ್ಡನ್ನು ನಿಜವಾಗಿ ಬಿಚ್ಚಿ ನೋಡಿ ಬರೆದ ವರದಿಯನ್ನು ಪಡೆಯಿರಿ. ಕೆಟ್ಟ ಬೋರ್ಡುಗಳನ್ನು ಎಸೆದಿಲ್ಲ ತಾನೆ?

ಮಹಡಿಮನೆ:

ಇಲ್ಲ ಸರ್. ಟಿವಿಯೂ ಬೋರ್ಡುಗಳೂ ಕರಗಿದ ಪಟ್ಟಿಯೂ ಒಂದು ಪೆಟ್ಟಿಗೆಯಲ್ಲಿವೆ. ಬಿಸಾಡಿ ಎಂದು ಮನೆಯವರು ದಿನಕ್ಕೊಮ್ಮೆ ಹೇಳುತ್ತಿದ್ದಾರೆ.

ಬೆಸುಗೆಗಾರ:

ದಯವಿಟ್ಟು ಬಿಸಾಡಬೇಡಿ. ನಾನು ಬೋರ್ಡ್ ರಿಪೇರಿ ಮಾಡುವವನು. ಆ ಪೆಟ್ಟಿಗೆಯಲ್ಲಿರುವುದೇ ನಿಮ್ಮ ಸಾಕ್ಷಿ.

ಬೋರ್ಡಿನಲ್ಲಿ ಕರೆಂಟ್ ಒಳಬರುವ ಜಾಗದಲ್ಲಿ ಮೊದಲು ಒಂದು ಗಾಜಿನ ಫ್ಯೂಸ್, ಅದರ ಪಕ್ಕದಲ್ಲಿ ನೀಲಿಯೋ ಹಳದಿಯೋ ಬಣ್ಣದ, ಬಟಾಣಿಗಿಂತ ದೊಡ್ಡದಾದ ಚಪ್ಪಟೆ ಬಿಲ್ಲೆ ಇರುತ್ತದೆ. ಆ ಬಿಲ್ಲೆಯ ಹೆಸರು ವೇರಿಸ್ಟರ್, ಒಳಗಿರುವುದು ಮುಖ್ಯವಾಗಿ ಸತುವಿನ ಆಕ್ಸೈಡ್. ವೋಲ್ಟೇಜ್ ಸರಿಯಿರುವ ತನಕ ಅದು ಇಲ್ಲದಂತೆಯೇ ಇರುತ್ತದೆ. ಮಿತಿ ಮೀರಿದಾಗ ತಾನು ವಾಹಕವಾಗಿ ಹೆಚ್ಚುವರಿ ವಿದ್ಯುತ್ತನ್ನು ತನ್ನ ಮೂಲಕ ಹರಿಸಿಕೊಳ್ಳುತ್ತದೆ. 230 ವೋಲ್ಟಿನ ಉಪಕರಣಗಳಲ್ಲಿ ಸಾಮಾನ್ಯವಾಗಿ 275 ವೋಲ್ಟಿನ ಗುರುತಿರುವ ಬಿಲ್ಲೆಯನ್ನು ಹಾಕಿರುತ್ತಾರೆ. ಅದರ ಹಿಂದೆ ಎಸಿ ಕರೆಂಟನ್ನು ಡಿಸಿ ಮಾಡುವ ಡಯೋಡ್ ಸೇತುವೆ, ಆಮೇಲೆ ಡಬ್ಬಿಯಂತೆ ನಿಂತಿರುವ ದೊಡ್ಡ ಕೆಪಾಸಿಟರ್.

ಈಗ ಲೆಕ್ಕ ನೋಡಿ. 230 ವೋಲ್ಟ್ ಎಂಬುದು ಒಂದು ಬಗೆಯ ಸರಾಸರಿ ಲೆಕ್ಕದ ಬೆಲೆ, ಅಲೆಯ ತುದಿ ಸುಮಾರು 325 ವೋಲ್ಟ್ ಇರುತ್ತದೆ. ಹಾಗಾಗಿಯೇ ಆ ಕೆಪಾಸಿಟರಿನ ಮೇಲೆ 400 ಅಥವಾ 450 ವೋಲ್ಟ್ ಎಂದು ಬರೆದಿರುತ್ತದೆ. ಮನೆಗೆ 350 ವೋಲ್ಟ್ ಬಂದರೆ ತುದಿ 495ಕ್ಕೆ ಹೋಗುತ್ತದೆ. ಆಗ ಕೆಪಾಸಿಟರಿನ ತಲೆ ಉಬ್ಬಿ, ಅಲ್ಲಿ ಮೊದಲೇ ಕೊರೆದಿರುವ ಗೀರಿನ ಉದ್ದಕ್ಕೂ ಬಿರಿಯುತ್ತದೆ. ನೀವು ಕೇಳಿದ ‘ಪಟ್’ ಬಹುಶಃ ಅದೇ, ಕಮಟು ವಾಸನೆ ಒಳಗಿನ ದ್ರವದ್ದು. ವೇರಿಸ್ಟರ್ ಒಡೆದು ಸುತ್ತಲೂ ಮಸಿ ಹಾರಿದ್ದರೆ ಅದು ಹೊರಗಿನಿಂದ ಬಂದ ಅತಿವೋಲ್ಟೇಜಿನ ಕುರುಹು. ಸುಮ್ಮನೆ ಹಳತಾಗಿ ಕೆಟ್ಟ ಬೋರ್ಡಿನಲ್ಲಿ ಅದು ಸಾಮಾನ್ಯವಾಗಿ ಕಾಣುವುದಿಲ್ಲ. ಫ್ಯೂಸಿನ ಗಾಜನ್ನೂ ಬೆಳಕಿಗೆ ಹಿಡಿದು ನೋಡಿ. ನಿಧಾನವಾಗಿ ಹೆಚ್ಚು ಕರೆಂಟ್ ಎಳೆದು ಹೋದ ಫ್ಯೂಸಿನಲ್ಲಿ ತಂತಿ ನಡುವೆ ತುಂಡಾಗಿ ಗಾಜು ತಿಳಿಯಾಗಿರುತ್ತದೆ. ಒಮ್ಮೆಲೇ ಭಾರೀ ಕರೆಂಟ್ ಹರಿದಾಗ ತಂತಿ ಆವಿಯಾಗಿ ಗಾಜಿನ ಒಳಮೈಗೆ ಕಪ್ಪು ಅಥವಾ ಬೆಳ್ಳಿಯ ಲೇಪದಂತೆ ಅಂಟಿಕೊಳ್ಳುತ್ತದೆ. ಈ ಎರಡನೆಯ ಗುರುತು ಒಂದೇ ಇದ್ದರೆ ಏನನ್ನೂ ಸಾಧಿಸುವುದಿಲ್ಲ, ಒಡೆದ ವೇರಿಸ್ಟರಿನ ಜೊತೆಗಿದ್ದರೆ ಮಾತು ಬೇರೆ.

ನಮ್ಮ ಕಸುಬಿನವರ ತಪ್ಪನ್ನೂ ಒಪ್ಪಿಕೊಳ್ಳಬೇಕು. ಮೀಟರಿನ ಕಡ್ಡಿ ಇಟ್ಟಾಗ ‘ಪೀ’ ಎಂದರೆ ನಾವು ‘ಶಾರ್ಟ್’ ಎಂದು ಬರೆದುಬಿಡುತ್ತೇವೆ. ನಮ್ಮ ಪಾಲಿಗೆ ಅದು ಬೋರ್ಡಿನ ಈಗಿನ ಸ್ಥಿತಿ, ವಿಮೆಯವರ ಪಾಲಿಗೆ ಕಾರಣ. ಆ ವ್ಯತ್ಯಾಸ ನನಗೆ ತಿಳಿದದ್ದು ಗಿರಾಕಿಯೊಬ್ಬರು ತಿರಸ್ಕಾರದ ಪತ್ರವನ್ನು ತಂದು ನನ್ನ ಮೇಜಿನ ಮೇಲಿಟ್ಟ ದಿನ.

ಒಂದೇಮಾತು:

ಇಷ್ಟೆಲ್ಲ ಏಕೆ? ಪಾಲಿಸಿಯಲ್ಲಿ ಸಿಡಿಲು ಇದೆ ಎಂದಿರಲ್ಲ. ಸಿಡಿಲು ಹೊಡೆಯಿತು ಎಂದು ಹೊಸದಾಗಿ ಅರ್ಜಿ ಹಾಕಿ. ಯಾರು ನೋಡಲು ಬರುತ್ತಾರೆ?

ಹಳೆಯ ಸರ್ವೇಯರ್:

ನೋಡಲು ಬರುತ್ತಾರೆ. ಸಿಡಿಲು ಹೊಮ್ಮಿಸುವ ರೇಡಿಯೊ ಅಲೆಗಳನ್ನು ದೂರದೂರದ ಕೇಂದ್ರಗಳಲ್ಲಿ ಹಿಡಿದು, ಅದು ಎಲ್ಲಿ, ಯಾವ ಕ್ಷಣದಲ್ಲಿ ಬಡಿಯಿತು ಎಂದು ದಾಖಲಿಸುವ ಜಾಲಗಳಿವೆ. ವಿಮಾ ಕಂಪನಿಗಳು ಆ ದಾಖಲೆಯನ್ನು ಕೊಂಡು ನೋಡುತ್ತವೆ. ಮೋಡವೇ ಇಲ್ಲದ ದಿನ ಸಿಡಿಲು ಎಂದು ಬರೆದರೆ ಕ್ಲೇಮ್ ಹೋಗುವುದಷ್ಟೇ ಅಲ್ಲ, ಸುಳ್ಳು ಹೇಳಿಕೆಯ ಕಾರಣಕ್ಕೆ ಇಡೀ ಪಾಲಿಸಿಯೇ ರದ್ದಾಗಬಹುದು. ನ್ಯಾಯವಾಗಿ ಸಿಗಬೇಕಾದ ಹಣವೂ ಆಗ ಕೈತಪ್ಪುತ್ತದೆ. ಇಂಥ ಸಲಹೆಯನ್ನು ತಮಾಷೆಗೂ ಕೊಡಬೇಡಿ.

ನ್ಯೂಟ್ರಲ್:

ನಾನು ವೈರಿಂಗ್ ಕೆಲಸದವನು. ಇದು ಸಿಡಿಲಲ್ಲ, ಸರಿಯಾದ ಅರ್ಥದಲ್ಲಿ ಸರ್ಜ್ ಕೂಡ ಅಲ್ಲವೆಂದು ನನ್ನ ಅಂದಾಜು. ಫ್ಯಾನ್ ಓಡಿತು, ಬಲ್ಬ್ ಬೆಳ್ಳಗಾಯಿತು, ನಿಮಗೆ ಮೇನ್ ಸ್ವಿಚ್ ತನಕ ಓಡುವಷ್ಟು ಸಮಯವೂ ಸಿಕ್ಕಿತು ಎಂದರೆ ಅದು ನ್ಯೂಟ್ರಲ್, ಅಂದರೆ ಕರೆಂಟ್ ಮರಳುವ ತಂತಿ, ಕಡಿದದ್ದು.

ಸಿಡಿಲಿನ ಅಥವಾ ಸ್ವಿಚಿಂಗ್‌ನ ಸರ್ಜ್ ಇರುವುದು ಸೆಕೆಂಡಿನ ಹತ್ತು ಲಕ್ಷದ ಕೆಲವು ಭಾಗಗಳಷ್ಟು ಕಾಲ. ಸರ್ಜ್ ತಡೆ ಸಾಧನಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವ ಮಾದರಿ ಅಲೆಯೇ 8 ಮೈಕ್ರೊಸೆಕೆಂಡಿನಲ್ಲಿ ತುದಿಗೇರಿ 20 ಮೈಕ್ರೊಸೆಕೆಂಡಿನಲ್ಲಿ ಅರ್ಧಕ್ಕಿಳಿಯುತ್ತದೆ. ಅಷ್ಟರಲ್ಲಿ ಫ್ಯಾನ್ ಒಂದು ಕೂದಲೆಳೆಯಷ್ಟೂ ವೇಗ ಪಡೆಯಲಾರದು. ನ್ಯೂಟ್ರಲ್ ಕಡಿದಾಗ ಆಗುವುದೇ ಬೇರೆ. ಮೂರು ಫೇಸಿನ ಜಾಲದಲ್ಲಿ ಪ್ರತಿ ಮನೆಯೂ ಒಂದು ಫೇಸು ಮತ್ತು ನ್ಯೂಟ್ರಲ್ ನಡುವೆ ಕುಳಿತಿರುತ್ತದೆ. ಎರಡು ಫೇಸುಗಳ ನಡುವಿನ ವೋಲ್ಟೇಜ್ 400. ಎಲ್ಲರಿಗೂ ಸಾಮಾನ್ಯವಾದ ನ್ಯೂಟ್ರಲ್ ತಂತಿ ಕಂಬದಲ್ಲಿ ಬಿಟ್ಟುಹೋದರೆ, ಒಂದು ಫೇಸಿನ ಮನೆಗಳೂ ಇನ್ನೊಂದು ಫೇಸಿನ ಮನೆಗಳೂ ಸರಣಿಯಲ್ಲಿ ಜೋಡಿಸಿದಂತಾಗಿ ಆ 400 ವೋಲ್ಟನ್ನು ಹಂಚಿಕೊಳ್ಳುತ್ತವೆ. ಹೆಚ್ಚು ಲೋಡ್ ಇರುವ ಕಡೆ ವೋಲ್ಟೇಜ್ ಕುಸಿಯುತ್ತದೆ, ಕಡಿಮೆ ಇರುವ ಕಡೆ ಏರುತ್ತದೆ. ನಿಮ್ಮಲ್ಲಿ ಬಲ್ಬ್ ಬೆಳ್ಳಗಾದ ಹೊತ್ತಿನಲ್ಲೇ ಬೀದಿಯ ಬೇರೆ ಮನೆಗಳಲ್ಲಿ ದೀಪ ಕೆಂಪಗೆ ಮಂಕಾಗಿರಬೇಕು. ಹೋಗಿ ಕೇಳಿ ನೋಡಿ. ಯಾರಾದರೂ ಹೌದೆಂದರೆ ಅದನ್ನು ಸಮಯದೊಂದಿಗೆ ಬರೆಸಿ ಸಹಿ ಹಾಕಿಸಿಕೊಳ್ಳಿ. ಮಂಕಾದ ಮನೆಗಳಲ್ಲೂ ಹಾನಿಯಾಗಿರಬಹುದು, ಏಕೆಂದರೆ ವೋಲ್ಟೇಜ್ ತೀರ ಇಳಿದಾಗ ಫ್ರಿಜ್‌ನ ಕಂಪ್ರೆಸರ್ ತಿರುಗಲಾರದೆ ಗುಂಯ್‌ಗುಟ್ಟುತ್ತ ಬಿಸಿಯಾಗಿ ಸುರುಳಿ ಸುಟ್ಟುಕೊಳ್ಳುತ್ತದೆ.

ನಿಮ್ಮ ಸರ್ಜ್ ಪಟ್ಟಿ ಕರಗಿದ್ದಕ್ಕೂ ಇದೇ ಕಾರಣ. ಅದರೊಳಗೂ ಬೆಸುಗೆಗಾರ ಅವರು ಹೇಳಿದ ಬಿಲ್ಲೆಗಳೇ ಇರುತ್ತವೆ. ಮೈಕ್ರೊಸೆಕೆಂಡುಗಳ ಪೆಟ್ಟನ್ನು ನುಂಗಲು ಮಾಡಿದ ವಸ್ತುವಿನ ಮೇಲೆ ನಿಮಿಷಗಟ್ಟಲೆ ಅತಿವೋಲ್ಟೇಜ್ ನಿಂತರೆ ಅದು ಪ್ರತಿ ಅರ್ಧ ಅಲೆಗೂ ವಾಹಕವಾಗಿ ಕಾದು ಉರಿಯುತ್ತದೆ. ಪುಣ್ಯಕ್ಕೆ ಪರದೆಗೆ ಬೆಂಕಿ ಹತ್ತಲಿಲ್ಲ.

ಬೆಸುಗೆಗಾರ:

ನ್ಯೂಟ್ರಲ್ ಅವರ ಮಾತಿಗೆ ನನ್ನ ಒಪ್ಪಿಗೆಯಿದೆ. ರೂಟರಿನಲ್ಲಿ ಅಡಾಪ್ಟರ್ ಮಾತ್ರ ಹೋಗಿ ರೂಟರ್ ಉಳಿದಿರುವುದೂ ಅದಕ್ಕೆ ಹೊಂದುತ್ತದೆ. ಸಿಡಿಲಿನ ಪೆಟ್ಟು ಎಷ್ಟೋ ಸಲ ಕೇಬಲ್ ಅಥವಾ ದೂರವಾಣಿ ತಂತಿಯ ಮೂಲಕ ನುಗ್ಗಿ, ರೂಟರಿನ ಪೋರ್ಟುಗಳನ್ನೂ ಟಿವಿಯ ಎಚ್‌ಡಿಎಂಐ ಸಾಕೆಟ್ಟನ್ನೂ ಕೊಂದು, ಪವರ್ ಭಾಗವನ್ನು ಹಾಗೆಯೇ ಬಿಟ್ಟಿರುತ್ತದೆ. ಇಲ್ಲಿ ಎಲ್ಲ ಹಾನಿಯೂ ಕರೆಂಟ್ ಒಳಬರುವ ಬಾಗಿಲಲ್ಲೇ ಆಗಿದೆ.

ಮಹಡಿಮನೆ:

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಮೂರು ಮನೆಗಳಿಗೆ ಹೋಗಿ ಕೇಳಿದೆ. ಎದುರು ಮನೆಯಲ್ಲಿ ಮಿಕ್ಸಿ ತಿರುಗದೆ ನಿಂತಿತ್ತಂತೆ, ಟ್ಯೂಬ್‌ಲೈಟ್ ಮಿಣುಕುತ್ತಿತ್ತಂತೆ. ಪಕ್ಕದ ಮನೆಯಲ್ಲಿ ನಮ್ಮಂತೆಯೇ ಎರಡು ಎಲ್‌ಇಡಿ ಬಲ್ಬುಗಳು ಸುಟ್ಟಿವೆ.

ಇನ್ನೊಂದು ಸಂಗತಿ ರಾತ್ರಿ ಹೊಳೆಯಿತು. ನಮ್ಮ ಚಾವಣಿಯ ಮೇಲೆ ಸೌರಫಲಕಗಳಿವೆ, ಅವುಗಳ ಇನ್ವರ್ಟರ್ ಜಾಲಕ್ಕೆ ಜೋಡಿಸಿದ್ದು. ಅದರ ಆ್ಯಪ್‌ನಲ್ಲಿ ಹಿಂದೆ ಹೋಗಿ ನೋಡಿದರೆ, ಆ ದಿನ ಮಧ್ಯಾಹ್ನ 3 ಗಂಟೆ 17 ನಿಮಿಷಕ್ಕೆ ‘ಗ್ರಿಡ್ ಓವರ್ ವೋಲ್ಟೇಜ್’ ಎಂಬ ದೋಷ ದಾಖಲಾಗಿ ಇನ್ವರ್ಟರ್ ತನ್ನನ್ನು ತಾನೇ ಜಾಲದಿಂದ ಬಿಡಿಸಿಕೊಂಡಿದೆ. ಅಲ್ಲಿ ತೋರಿಸುತ್ತಿರುವ ಅಂಕಿ 341 ವೋಲ್ಟ್. ಇದನ್ನು ಸಾಕ್ಷಿಯಾಗಿ ಒಪ್ಪುತ್ತಾರೆಯೇ?

ಹಳೆಯ ಸರ್ವೇಯರ್:

ಒಪ್ಪದಿರಲು ಅವರಿಗೆ ಒಳ್ಳೆಯ ಕಾರಣ ಬೇಕಾಗುತ್ತದೆ. ಪಾಲಿಸಿದಾರರ ಬಾಯಿಮಾತಿಗಿಂತ ಯಂತ್ರ ತಾನಾಗಿ ಬರೆದಿಟ್ಟ ಸಮಯ ಹೆಚ್ಚು ತೂಗುತ್ತದೆ. ತೆರೆಯ ಚಿತ್ರ ಮಾತ್ರ ಸಾಲದು. ಆ ದಿನದ ಪೂರ್ತಿ ದಾಖಲೆಯನ್ನು ಇನ್ವರ್ಟರಿನ ಕ್ರಮಸಂಖ್ಯೆ ಕಾಣುವಂತೆ ಇಳಿಸಿಕೊಳ್ಳಿ. ಹಳೆಯ ದಾಖಲೆಗಳನ್ನು ಕೆಲವು ಆ್ಯಪ್‌ಗಳು ಅಳಿಸಿಹಾಕುತ್ತವೆ, ಆದ್ದರಿಂದ ಇವತ್ತೇ ಮಾಡಿ. ಇನ್ವರ್ಟರ್ ಇಲ್ಲದ ಓದುಗರು ಕಂಪ್ಯೂಟರಿನ ಯುಪಿಎಸ್ ಅಥವಾ ಸ್ಮಾರ್ಟ್ ಮೀಟರಿನಲ್ಲಿ ಇಂಥದೇ ದಾಖಲೆ ಇದೆಯೇ ಎಂದು ನೋಡಬಹುದು.

ಜೊತೆಗೆ ವಿದ್ಯುತ್ ಸರಬರಾಜು ಸಂಸ್ಥೆಗೆ ಲಿಖಿತ ಅರ್ಜಿ ಕೊಟ್ಟು, ಆ ದಿನ ಆ ಕಂಬದಲ್ಲಿ ನಡೆದ ಕೆಲಸದ ಹಾಗೂ ಬಂದ ದೂರುಗಳ ವಿವರ ಕೇಳಿ. ತಪ್ಪು ಒಪ್ಪಿಕೊಳ್ಳಿ ಎಂದು ಕೇಳಿದರೆ ಉತ್ತರವೇ ಬರುವುದಿಲ್ಲ. ‘ಇಂಥ ದಿನ ಇಂಥ ಹೊತ್ತಿಗೆ ದುರಸ್ತಿ ನಡೆದಿತ್ತೇ?’ ಎಂದಷ್ಟೇ ಕೇಳಿದರೆ ಒಂದು ಸಾಲಿನ ಉತ್ತರ ಬರಬಹುದು, ನಿಮಗೆ ಬೇಕಾದದ್ದು ಆ ಒಂದು ಸಾಲು.

ಕಡತ:

ಮಧ್ಯೆ ಬಾಯಿಹಾಕುತ್ತಿದ್ದೇನೆ, ಕ್ಷಮಿಸಿ. ವಿದ್ಯುತ್ ಸಂಸ್ಥೆಯ ಮಾತು ಬಂದದ್ದರಿಂದ ನನ್ನ ಅನುಭವವನ್ನು ಹೇಳಲೇಬೇಕು. ನನ್ನ ಪ್ರಕರಣದಲ್ಲಿ ಅವರು ಒಂದು ಸಣ್ಣ ಮೊತ್ತವನ್ನು ಕೊಡಲು ಒಪ್ಪಿ, ‘ಈ ಘಟನೆಗೆ ಸಂಬಂಧಿಸಿದಂತೆ ಇನ್ನಾವ ಬೇಡಿಕೆಯೂ ಇಲ್ಲ’ ಎಂಬ ಪತ್ರಕ್ಕೆ ಸಹಿ ಕೇಳಿದರು. ಬಂದಷ್ಟು ಬರಲಿ ಎಂದು ಸಹಿ ಹಾಕಿದೆ. ಆಮೇಲೆ ವಿಮಾ ಕಂಪನಿ ಅದೇ ಪತ್ರವನ್ನು ಹಿಡಿದು ನನ್ನ ಕ್ಲೇಮನ್ನು ನಿಲ್ಲಿಸಿತು. ಪರಿಹಾರ ಕೊಟ್ಟ ಮೇಲೆ ಆ ಹಣವನ್ನು ತಪ್ಪಿತಸ್ಥರಿಂದ ವಸೂಲಿ ಮಾಡುವ ಹಕ್ಕು ವಿಮಾ ಕಂಪನಿಗೆ ಬರುತ್ತದಂತೆ. ನಾನು ಸಹಿ ಹಾಕಿ ಅವರ ಆ ಹಕ್ಕನ್ನೇ ಕಳೆದಿದ್ದೆನಂತೆ. ಷರತ್ತಿನಲ್ಲಿ ಹಾಗೆ ಬರೆದಿರುವುದು ನಿಜ. ನಾನು ಅದನ್ನು ಓದಿದ್ದು ಆಮೇಲೆ.

ಟಿವಿಯನ್ನು ಗುಜರಿಗೆ ಕೊಟ್ಟದ್ದು ನನ್ನ ಇನ್ನೊಂದು ತಪ್ಪು. ಸರ್ವೇಯರ್ ಬಂದಾಗ ಗೋಡೆಯ ಮೇಲೆ ನಾಲ್ಕು ತೂತುಗಳಿದ್ದವು, ಅಷ್ಟೆ.

ಮಹಡಿಮನೆ:

ಕಡತ ಅವರೇ, ಸರಿಯಾದ ಹೊತ್ತಿಗೆ ಹೇಳಿದಿರಿ. ನಮ್ಮ ಬೀದಿಯ ಕೆಲವರು ಒಟ್ಟಾಗಿ ವಿದ್ಯುತ್ ಸಂಸ್ಥೆಗೆ ಅರ್ಜಿ ಸಲ್ಲಿಸುವ ಯೋಚನೆಯಲ್ಲಿದ್ದಾರೆ. ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸದೆ ನಾನು ಯಾವುದಕ್ಕೂ ಸಹಿ ಹಾಕುವುದಿಲ್ಲ.

ಬಾಡಿಗೆಮನೆ:

ಒಂದು ಸಣ್ಣ ಪ್ರಶ್ನೆ. ನಾವು ಬಾಡಿಗೆಗೆ ಇರುವವರು. ಇಂಥದ್ದು ನಮ್ಮಲ್ಲಿ ಆದರೆ ಮನೆಯ ಮಾಲೀಕರ ವಿಮೆ ನಮ್ಮ ಫ್ರಿಜ್‌ಗೆ ಸಲ್ಲುತ್ತದೆಯೇ?

ಹಳೆಯ ಸರ್ವೇಯರ್:

ಸಾಮಾನ್ಯವಾಗಿ ಇಲ್ಲ. ಮಾಲೀಕರ ಪಾಲಿಸಿ ಕಟ್ಟಡಕ್ಕೆ ಮತ್ತು ಅವರದೇ ವಸ್ತುಗಳಿಗೆ. ನಿಮ್ಮ ಸಾಮಾನುಗಳಿಗೆ ನೀವೇ ಪಾಲಿಸಿ ಮಾಡಿಸಬೇಕು. ಗೋಡೆಗೆ ಕಾಯಂ ಆಗಿ ಜೋಡಿಸಿದ ನೀರಿನ ಪಂಪು, ಗೀಸರ್, ಸೌರ ಇನ್ವರ್ಟರ್ ಇಂಥವು ಹೆಚ್ಚಿನ ಪಾಲಿಸಿಗಳಲ್ಲಿ ಕಟ್ಟಡದ ಭಾಗವಾಗಿ ಎಣಿಕೆಯಾಗುತ್ತವೆ. ಕಟ್ಟಡ, ಸಾಮಾನುಗಳಿಗೆ ಬೇರೆ ಬೇರೆ ಮೊತ್ತದ ವಿಮೆ ಮಾಡಿಸಿದವರಿಗೂ ಈ ವಿಂಗಡಣೆ ಮುಖ್ಯ.

ಮಹಡಿಮನೆ:

ಒಂದು ವೇಳೆ ಒಪ್ಪಿದರೆ ಎಷ್ಟು ಬರಬಹುದು? ಆರು ವರ್ಷದ ಟಿವಿಗೆ ಹೊಸ ಟಿವಿಯ ಬೆಲೆ ಸಿಗುತ್ತದೆಯೇ?

ಹಳೆಯ ಸರ್ವೇಯರ್:

ಅದು ನಿಮ್ಮ ಪಾಲಿಸಿಯ ‘ಮೌಲ್ಯಮಾಪನ’ ಎಂಬ ಷರತ್ತಿನಲ್ಲಿದೆ. ಜನ ಓದದೆ ಬಿಡುವ ಪುಟ ಅದು, ಹಣ ಹೋಗುವುದೂ ಅಲ್ಲೇ. ‘ಹಳತಿಗೆ ಹೊಸತು’ ಎಂಬ ಆಧಾರವಿದ್ದರೆ ಅದೇ ದರ್ಜೆಯ ಹೊಸ ವಸ್ತುವಿನ ಬೆಲೆ ಕೊಡುತ್ತಾರೆ. ಹಲವು ಕಂಪನಿಗಳು ಮೊದಲು ಸವಕಳಿ ಕಳೆದು ಕೊಟ್ಟು, ನೀವು ಹೊಸತನ್ನು ಕೊಂಡ ಬಿಲ್ ತೋರಿಸಿದ ಮೇಲೆ ಉಳಿದದ್ದನ್ನು ಕೊಡುತ್ತವೆ. ‘ಮಾರುಕಟ್ಟೆ ಮೌಲ್ಯ’ ಎಂದಿದ್ದರೆ ವಯಸ್ಸಿಗೆ ತಕ್ಕಂತೆ ಕಳೆಯುತ್ತಾರೆ. ಟಿವಿಯ ಬಾಳಿಕೆಯನ್ನು 10 ವರ್ಷವೆಂದು ಹಿಡಿದರೆ ಆರು ವರ್ಷಕ್ಕೆ ಶೇಕಡ 60 ಹೋಗಿ 40 ಉಳಿಯುತ್ತದೆ. ಆ 10 ವರ್ಷ ಎಂಬ ಅಂಕಿ ಎಲ್ಲಿಂದ ಬಂತೆಂದು ಕೇಳುವ ಹಕ್ಕು ನಿಮಗಿದೆ. 7 ವರ್ಷವೆಂದು ಹಿಡಿದವರನ್ನೂ ಕಂಡಿದ್ದೇನೆ, ಆಗ ಕೈಗೆ ಸಿಗುವುದು ಶೇಕಡ 14ರಷ್ಟು ಮಾತ್ರ.

ಮನೆಯ ಒಟ್ಟು ಸಾಮಾನಿನ ಬೆಲೆಗಿಂತ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದರೆ ಇನ್ನೊಂದು ಕತ್ತರಿಯೂ ಬೀಳಬಹುದು. ನೂರರ ಸಾಮಾನಿಗೆ 70ರ ವಿಮೆ ಇದ್ದು, ಪಾಲಿಸಿಯಲ್ಲಿ ಅದೇ ಪ್ರಮಾಣದಲ್ಲಿ ಪರಿಹಾರವನ್ನು ಇಳಿಸುವ ‘ಸರಾಸರಿ’ ಷರತ್ತೂ ಇದ್ದರೆ ಪ್ರತಿ ನಷ್ಟಕ್ಕೂ ಶೇಕಡ 70 ಮಾತ್ರ ಸಿಗುತ್ತದೆ, ಸುಟ್ಟದ್ದು ಒಂದು ಅಡಾಪ್ಟರ್ ಆದರೂ ಸರಿಯೇ. ಕೊನೆಗೆ ನೀವೇ ಭರಿಸಬೇಕಾದ ಮೊದಲ ಪಾಲು, ಅಂದರೆ ಡಿಡಕ್ಟಿಬಲ್. ಅದನ್ನು ಸಾಮಾನ್ಯವಾಗಿ ಒಂದು ಘಟನೆಗೆ ಒಮ್ಮೆ ಕಳೆಯಬೇಕು, ಉಪಕರಣಕ್ಕೊಂದು ಸಲ ಅಲ್ಲ. ಆದ್ದರಿಂದ ಐದೂ ವಸ್ತುಗಳು ಒಂದೇ ಅರ್ಜಿಯಲ್ಲಿ, ಒಂದೇ ಘಟನೆಯಾಗಿ, ಒಂದೇ ಸಮಯದೊಂದಿಗೆ ಇರಲಿ.

ನ್ಯೂಟ್ರಲ್:

ಕ್ಲೇಮಿನ ನಡುವೆ ಮನೆಯನ್ನು ಹಾಗೆಯೇ ಬಿಡಬೇಡಿ. ಮುಖ್ಯ ಬೋರ್ಡಿಗೆ ಒಂದು ಸರ್ಜ್ ತಡೆ ಸಾಧನ ಹಾಕಿಸಿದರೆ ಅದು ಸಿಡಿಲಿನಂಥ ಪೆಟ್ಟಿಗೆ ಆಗುತ್ತದೆ. ನಿಮಗಾದಂಥ ನ್ಯೂಟ್ರಲ್ ತೊಂದರೆಗೆ ಬೇಕಾದದ್ದು ಬೇರೆಯೇ ಸಾಧನ: ವೋಲ್ಟೇಜ್ ಮಿತಿ ದಾಟಿದ ಕೂಡಲೇ ಇಡೀ ಮನೆಯನ್ನು ಜಾಲದಿಂದ ಕಡಿದುಹಾಕುವ ಓವರ್ ವೋಲ್ಟೇಜ್ ರಿಲೇ. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ, ಎರಡನ್ನೂ ಕೆಲವು ಅಂಗಡಿಯವರು ‘ಪ್ರೊಟೆಕ್ಟರ್’ ಎಂದೇ ಮಾರುತ್ತಾರೆ.

ಬೆಸುಗೆಗಾರ:

ಸ್ಟೆಬಿಲೈಜರ್ ಇದ್ದರೆ ಸಾಕು ಎನ್ನುವವರಿಗೂ ಒಂದು ಮಾತು. ಅಂಥ ಸ್ಟೆಬಿಲೈಜರಿನ ಒಳಗಿನ ಟ್ರಾನ್ಸ್‌ಫಾರ್ಮರ್, ರಿಲೇ ಎರಡೂ ಸುಟ್ಟು ನನ್ನ ಬಳಿಗೆ ಬಂದದ್ದುಂಟು. ಅದು ತನ್ನ ನಿಗದಿತ ವ್ಯಾಪ್ತಿಯೊಳಗೆ ವೋಲ್ಟೇಜನ್ನು ಏರಿಸಿ ಇಳಿಸುತ್ತದೆ. ವ್ಯಾಪ್ತಿ ಮೀರಿದಾಗ ಕಡಿದುಹಾಕುವ ಸೌಲಭ್ಯ ಇದೆಯೇ ಎಂದು ಕೊಳ್ಳುವಾಗಲೇ ಕೇಳಿಕೊಳ್ಳಿ.

ಮಹಡಿಮನೆ:

ಆರು ವಾರಗಳ ನಂತರ ಬರೆಯುತ್ತಿದ್ದೇನೆ. ಬೇರೊಬ್ಬ ತಂತ್ರಜ್ಞರು ಮೂರೂ ಬೋರ್ಡುಗಳನ್ನು ಬಿಚ್ಚಿ, ಒಡೆದ ವೇರಿಸ್ಟರುಗಳನ್ನೂ ಬಿರಿದ ಕೆಪಾಸಿಟರನ್ನೂ ಹತ್ತಿರದಿಂದ ಚಿತ್ರ ತೆಗೆದು, ‘ಒಳಬರುವ ಭಾಗದಲ್ಲಿ ದೀರ್ಘಕಾಲದ ಅತಿವೋಲ್ಟೇಜಿನ ಲಕ್ಷಣಗಳಿವೆ, ಒಳಗಿನ ಶಾರ್ಟ್ ಅದರ ಪರಿಣಾಮ’ ಎಂದು ಉಪಕರಣಗಳ ಕ್ರಮಸಂಖ್ಯೆಯೊಂದಿಗೆ ಬರೆದುಕೊಟ್ಟರು. ಮೊದಲಿನವರೂ, ತಾವು ಬರೆದದ್ದು ಬೋರ್ಡಿನ ಸ್ಥಿತಿಯನ್ನೇ ಹೊರತು ಕಾರಣವನ್ನಲ್ಲ ಎಂದು ಒಂದು ಸಾಲಿನ ವಿವರಣೆ ಕೊಟ್ಟರು. ಇನ್ವರ್ಟರಿನ ದಾಖಲೆ ಮತ್ತು ನೆರೆಯವರ ಇಬ್ಬರ ಹೇಳಿಕೆಗಳನ್ನು ಸೇರಿಸಿ, ಪಾಲಿಸಿಯ ಷರತ್ತಿನ ಸಾಲನ್ನು ಹಾಗೆಯೇ ಎತ್ತಿ ಬರೆದು, ಮರುಪರಿಶೀಲನೆಗೆ ಕಳುಹಿಸಿದೆ. ವಿದ್ಯುತ್ ಸಂಸ್ಥೆಯಿಂದ ಮಾತ್ರ ಇದುವರೆಗೆ ಉತ್ತರ ಬಂದಿಲ್ಲ.

ಮೂರನೆಯ ವಾರ ಕಂಪನಿ ಸರ್ವೇಯರರನ್ನು ಕಳುಹಿಸಿತು. ಅವರು ನನ್ನ ಪತ್ರಕ್ಕಿಂತ ಹೆಚ್ಚು ಹೊತ್ತು ಫ್ಯೂಸಿನ ಗಾಜನ್ನೇ ನೋಡುತ್ತಿದ್ದರು. ಕೊನೆಗೆ ಕ್ಲೇಮನ್ನು ಒಪ್ಪಿದ್ದಾರೆ. ಫ್ರಿಜ್ ಮತ್ತು ವಾಷಿಂಗ್ ಮೆಷಿನ್‌ಗೆ ಬೋರ್ಡ್ ಬದಲಿಸಿದ ಖರ್ಚು ಬಂದಿದೆ. ನಮ್ಮದು ಮಾರುಕಟ್ಟೆ ಮೌಲ್ಯದ ಪಾಲಿಸಿ ಎಂದು ಈಗ ತಿಳಿಯಿತು, ಟಿವಿಗೆ ಶೇಕಡ 40 ಸಿಕ್ಕಿತು. ಮೊದಲ ಲೆಕ್ಕದಲ್ಲಿ ಡಿಡಕ್ಟಿಬಲ್ಲನ್ನು ಮೂರು ಸಲ ಕಳೆದಿದ್ದರು. 3 ಗಂಟೆ 17 ನಿಮಿಷದ ದಾಖಲೆಯನ್ನು ತೋರಿಸಿ ಒಂದೇ ಘಟನೆ ಎಂದು ಬರೆದ ಮೇಲೆ ತಿದ್ದಿದರು.

ಹಳೆಯ ಸರ್ವೇಯರ್:

ಸಂತೋಷ. ಕೊನೆಯ ಪತ್ರಕ್ಕೆ ಸಹಿ ಹಾಕುವ ಮುನ್ನ, ರೂಟರಿನ ಅಡಾಪ್ಟರ್ ಮತ್ತು ಸರ್ಜ್ ಪಟ್ಟಿ ಲೆಕ್ಕದಲ್ಲಿ ಸೇರಿವೆಯೇ ಎಂದು ನೋಡಿಕೊಂಡಿರಾ?

ಮಹಡಿಮನೆ:

ಅಡಾಪ್ಟರ್ ಸೇರಿದೆ ಸರ್. ಪರಿಹಾರ ಕೊಟ್ಟ ಮೇಲೆ ಕೆಟ್ಟ ವಸ್ತುಗಳು ತಮಗೆ ಸೇರುತ್ತವೆಂದು ಕಂಪನಿಯ ಕಡೆಯವರು ಬಂದು ಟಿವಿಯನ್ನೂ ಬೋರ್ಡುಗಳನ್ನೂ ಪಟ್ಟಿ ಮಾಡಿ ಒಯ್ದರು. ಸರ್ಜ್ ಪಟ್ಟಿ ‘ಬಳಕೆಯಲ್ಲಿ ಸವೆಯುವ ವಸ್ತು’ ಎಂಬ ಖಾನೆಗೆ ಬಂದು ಲೆಕ್ಕದಿಂದ ಹೊರಗುಳಿಯಿತು, ಆದ್ದರಿಂದ ಅದನ್ನು ಅವರು ಮುಟ್ಟಲಿಲ್ಲ. ಕರಗಿದ ಬದಿ ಮೇಲೆ ಮಾಡಿಕೊಂಡು ಅದು ಇನ್ನೂ ಪೆಟ್ಟಿಗೆಯಲ್ಲಿದೆ.